ಒಣಗಬಾರದ ಮಸಿ

ದೀಪ ಸ್ವಲ್ಪ ಸಣ್ಣ ಮಾಡಿ. ನೀರಿನ ಚೊಂಬು ಮಾತ್ರ ಕೈಗೆ ಸಿಗುವ ಹಾಗೆ ಇಲ್ಲೇ ಇರಲಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇದು ನಮ್ಮ ದೊಡ್ಡಮ್ಮನ ಮಗ ತಿಪ್ಪೇರುದ್ರಸ್ವಾಮಿಗೆ ಆದದ್ದು. ಎಂಬತ್ಮೂರನೇ ಇಸವಿ. ಸೂಳೆಕೆರೆ ಏರಿಯ ಮೇಲೆ, ಚನ್ನಗಿರಿಯ ಕೊನೆ ಬಸ್ಸು ಹಿಡಿಯಲು ಒಬ್ಬನೇ ಬಿರಬಿರನೆ ಬರುತ್ತಿದ್ದ. ಬಲಗೈಯಲ್ಲಿ ಬಟ್ಟೆಚೀಲ. ಚೀಲದಲ್ಲಿ ತೆಂಗಿನ ಚಿಪ್ಪಿನ ಇದ್ದಿಲು. ಬೆಂಗಳೂರಿನ ದೊಡ್ಡ ಕೆಮಿಸ್ಟು ಇದ್ದಿಲು ಹೊರುತ್ತಾನೆಯೇ ಅಂತ ನಗಬೇಡಿ. ಅವನ ಹೆಸರು, ಬಡ್ತಿ, ಬಹುಮಾನ ಎಲ್ಲ ನಿಂತಿದ್ದೇ ಆ ಇದ್ದಿಲಿನ ಮೇಲೆ.

ಲ್ಯಾಬಿನಲ್ಲಿ ಅವನೂ ಬೀರಲಿಂಗಪ್ಪನೂ ಜೋಡಿ. ಔಷಧಿಯ ಅಣುವೊಂದನ್ನು ಹಂತ ಹಂತವಾಗಿ ಕಟ್ಟುವ ಕೆಲಸ. ವರ್ಷಗಟ್ಟಲೆ ತಿಣುಕಿದರೂ ಕೊನೆಯ ಹಂತ ದಾಟಲಿಲ್ಲ. ಆಗ ಬೀರಲಿಂಗಪ್ಪ ತನ್ನ ಅವ್ವ ಸುಟ್ಟ ಚಿಪ್ಪಿನ ಇದ್ದಿಲು ತಂದು, ನುಣ್ಣಗೆ ಅರೆದು, ಅದಕ್ಕೆ ಪಲಾಡಿಯಂ ಲೋಹ ಹಿಡಿಸಿದ. ಆ ಮಸಿ ಬಿದ್ದದ್ದೇ ತಡ, ಕ್ರಿಯೆ ಸಲೀಸಾಗಿ ನಡೆಯಿತು. ಕೆಲಸ ಮುಗಿದ ಮೇಲೆ ಮಸಿಯನ್ನು ಸೋಸಿ ತೆಗೆಯಬೇಕು. ಒದ್ದೆ ಇರುವ ತನಕ ಅದು ಸಾಧು. ಒಣಗಿತೋ, ತಾನಾಗಿ ಕೆಂಡ. ಸುತ್ತ ಇರುವುದು ಕಿಡಿ ತಾಗಿದರೆ ಭಗ್ಗೆನ್ನುವ ಮೆಥನಾಲ್ ದ್ರಾವಕದ ಆವಿ. ಅದಕ್ಕೇ ಒಬ್ಬ ಪಕ್ಕದಲ್ಲೇ ಕಾವಲು ನಿಂತು ಮೆಥನಾಲ್ ಸುರಿಯುತ್ತಲೇ ಇರಬೇಕು.

ಆವತ್ತು ಕಾವಲು ತಿಪ್ಪೇರುದ್ರಸ್ವಾಮಿಯದು. ಟೀ ಕುಡಿಯಲು ಹೋದ. ಬಂದಾಗ ಬೀರಲಿಂಗಪ್ಪ ಉರಿಯುತ್ತಿದ್ದ.

ವಿಚಾರಣೆಯಲ್ಲಿ ಇವನು, "ಸರದಿ ಅವನದೇ ಇತ್ತು" ಎಂದುಬಿಟ್ಟ. ಸತ್ತವನು ಸಾಕ್ಷಿ ಹೇಳುತ್ತಾನೆಯೇ? ಸಂಶೋಧನಾ ಪ್ರಬಂಧ ಇವನೊಬ್ಬನ ಹೆಸರಲ್ಲಿ ಬಂತು. ಆದರೆ ಹಳೆಯ ಇದ್ದಿಲು ಮುಗಿಯಿತು ನೋಡಿ, ಅಂಗಡಿಯ ಇದ್ದಿಲಲ್ಲಿ ಕ್ರಿಯೆ ನಡೆಯಲೇ ಇಲ್ಲ. ಹೊರಗಿನ ವಿಜ್ಞಾನಿಗಳು ಬಂದು ನಮ್ಮೆದುರು ಮಾಡಿ ತೋರಿಸಿ ಅಂತ ಪಟ್ಟು ಹಿಡಿದರು. ಇಷ್ಟು ವರ್ಷ ಮುಖ ತೋರಿಸದವನು ಆಗ ಬೀರಲಿಂಗಪ್ಪನ ತಾಯಿ ಉಚ್ಚಂಗಮ್ಮನ ಮನೆ ಹುಡುಕಿಕೊಂಡು ಬಂದ. ಹೊಟ್ಟೆ ಉರಿಯುತ್ತದೆ ಹೇಳುವಾಗ.

ಇದ್ದಿಲು ಬೇಕಿತ್ತು ಎಂದ. ಆಕೆ ಕೂರು ಅನ್ನಲಿಲ್ಲ. "ಇದ್ದಿಲು ಬಾನಿಲಿ ಐತೆ. ತಗಳ್ರಿ."

ಇವನು ತುಂಬಿಕೊಂಡ.

"ನನ್ನ ಮಗ ಆಸ್ಪತ್ರೆಲಿ ಎಲ್ಲಾ ಹೇಳೇ ಸತ್ತ. ಊರೋರು ಅವನೇ ಮೈಮರೆತ ಅಂತಾರೆ. ಕಾಯೋ ಸರದಿ ಯಾರದಿತ್ತು? ನಿಮ್ಮ ಬಾಯಾಗೆ ಒಂದ್ಸಲ ಹೇಳ್ರಿ."

"ಅವನದೇ ಇತ್ತು ಕಣಮ್ಮ."

"ಆತು. ಕತ್ತಲಾತು, ಹೋಗ್ರಿ." ಕದ ಹಾಕಿಕೊಂಡಳು.

ಏರಿಯ ಅರ್ಧ ದಾಟಿದ್ದ. ಹಿಂದೆ ಒಂದು ಸದ್ದು... ಗೊರ್... ಗೊರ್... ಕಪ್ಪೆ ಅಂದುಕೊಂಡ. ನಿಂತ. ಸದ್ದೂ ನಿಂತಿತು. ನಡೆದ... ಗೊರ್... ಗೊರ್... ಅವನಿಗೆ ಗುರುತು ಸಿಕ್ಕಿತು. ಲ್ಯಾಬಿನಲ್ಲಿ ಸೋಸುವಾಗ ಮಸಿಯ ಮೂಲಕ ಪಂಪು ದ್ರವ ಹೀರುವ ಸದ್ದು. ಮೂಗಿಗೆ ಮೆಥನಾಲ್ ವಾಸನೆಯೂ ಬಡಿಯಿತು.

"ರುದ್ರಸ್ವಾಮಿ..." ಕಿವಿಯ ಪಕ್ಕದಲ್ಲೇ ಪಿಸುಮಾತು. "ಒಣಗ್ತಾ ಐತೆ."

"ಬೀರ...?"

"ಕಾಯೋ ಸರದಿ ಯಾರದು?"

ಅಲ್ಲಿ ಯಾರಿದ್ದರು ಹೇಳಿ? ಲ್ಯಾಬಿನವರಿಲ್ಲ, ಊರವರಿಲ್ಲ. ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

"ನಿಂದೇ," ಎಂದ.

ಗೊರ್ ಗೊರ್ ನಿಂತಿತು. ಸುಂಯ್ ಅಂತ ಬರೀ ಗಾಳಿ ಎಳೆಯುವ ಸದ್ದು... ಮಸಿ ಒಣಗಿದಾಗ ಬರುವ ಸದ್ದು ಅದು. ಚೀಲ ಬೆಚ್ಚಗಾಯಿತು. ಬರೀ ಇದ್ದಿಲು, ಅದಕ್ಕಿನ್ನೂ ಲೋಹ ಸೇರಿಸಿಯೇ ಇರಲಿಲ್ಲ. ಆದರೂ ನೋಡನೋಡುತ್ತ ಕೆಂಪಾಯಿತು. ಬಿಸಾಡಲು ಹೋದರೆ ಬೆರಳು ಬಿಚ್ಚಲಿಲ್ಲ. ಕಲ್ಲುಮೆಟ್ಟಿಲ ಮೇಲೆ ಉರುಳಿ ಬಿದ್ದು ಕೆರೆಗೆ ಕೈ ಅದ್ದಿದ. ಚುಂಯ್... ಉರಿ ನಿಂತಿತು. ಚೀಲ ನೀರುಪಾಲಾಯಿತು. ಕೈ ಹೊರಗೆ ತೆಗೆದ. ಗಾಳಿಗೆ ಆರುತ್ತಿದ್ದ ಹಾಗೇ ಮತ್ತೆ ಉರಿ. ಬೆಳಿಗ್ಗೆ ಮೀನು ಹಿಡಿಯುವವರು ಬಂದಾಗಲೂ ನೀರಿನಲ್ಲಿ ಕೈ ಇಟ್ಟುಕೊಂಡೇ ಕೂತಿದ್ದ.

ಡಾಕ್ಟರು ನೋಡಿ ಗಾಯವೇ ಇಲ್ಲ ಅಂದರು. ಕ್ರಿಯೆ ಮಾಡಿ ತೋರಿಸುವುದು ಎಲ್ಲಿ ಬಂತು? ಆ ಕೈ ಹೊತ್ತುಕೊಂಡು ಮೆಥನಾಲ್ ಇರುವ ಕಡೆ ಕಾಲಿಡುವಂತಿಲ್ಲ. ಲ್ಯಾಬು ಬಿಟ್ಟು ಜಗಳೂರು ಸೇರಿದ. ಕುಡಿಯುವ ನೀರಿಗೇ ಪರದಾಡುವ ಊರಲ್ಲಿ ಹೆಂಡತಿ ಶಾಂತಾದೇವಿ ಆ ಕೈಗೆಂದೇ ಒಂದು ಕೊಡ ಎತ್ತಿಡುತ್ತಾಳೆ.

ಹೋದ ಯುಗಾದಿಗೆ ಅವನ ಪಕ್ಕದಲ್ಲೇ ಉಣ್ಣಲು ಕೂತಿದ್ದೆ. ಎಡಗೈಯಲ್ಲಿ ಉಣ್ಣುತ್ತಿದ್ದ. ಬಲಗೈ ಚೊಂಬಿನೊಳಗೆ. "ಹೇಳಿಬಿಡೋ ಮಾರಾಯ, ಆ ತಾಯಿ ಇನ್ನೂ ಬದುಕೈತೆ," ಎಂದೆ.

ತುತ್ತು ನುಂಗಿ, "ಹೇಳಾಕೆ ಏನೈತೆ? ಸರದಿ ಅವನದೇ," ಎಂದ.

ಚೊಂಬಿನಲ್ಲಿ ಗೊರ್ ಅಂತು. ಮುಟ್ಟಿ ನೋಡಿದೆ. ನೀರು ಕುದಿಯುತ್ತಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಈ ಬೆರಳ ತುದಿ ನೋಡಿ, ಬೊಬ್ಬೆಯ ಕಲೆ ಇನ್ನೂ ಹೋಗಿಲ್ಲ. ಆವತ್ತಿನಿಂದ ನೀರಿನ ಚೊಂಬು ದೂರ ಇಟ್ಟು ಈ ಕತೆ ಹೇಳಲು ನನಗೆ ಧೈರ್ಯವಿಲ್ಲ.