ಡಬ್ಬದ ಸಂಪಿಗೆ

ಗೋಣಿಬೀಡಿನ ಬಸ್ ಸ್ಟಾಂಡಿನಲ್ಲಿ ರಹೀಮಾಳ ಪಕ್ಕ ಕೂತಿದ್ದ ಅಣ್ಣ ತಂಗಿ ನೋಟ್‌ಬುಕ್ಕಿನ ಹಾಳೆಯಲ್ಲಿ ತಮ್ಮ ಹೊಸ ಮನೆಯ ಅಂಗಳದ ನಕ್ಷೆ ಬರೆಯುತ್ತಿದ್ದರು. ಬೇಡವೆಂದರೂ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗ್ಲಿ ಅಣ್ಣ. ಮಾಡಿಂದ ಇಳಿಯೋ ಮಳೆನೀರಿಗೆ ಇಲ್ಲೊಂದು ಇಂಗುಗುಂಡಿ.”

“ಅಂಗಳಕ್ಕೆ ಸಿಮೆಂಟ್ ಬೇಡ. ಮನೆ ಹಿಂದೆ ಗುಡ್ಡ ಕಡಿದ ದರೆ ಬದಿಗೆ ಲಾವಂಚದ ಹುಲ್ಲು ಹಾಕಿದ್ರೆ ಮಣ್ಣು ಜರಿಯಲ್ಲ.”

“ಅವ್ವನ ಸಂಪಿಗೆಗೆ ಜಾಗ ಎಲ್ಲಿ ಬಿಟ್ಟೆ?”

ಅಣ್ಣ ಪೆನ್ನು ಕೆಳಗಿಟ್ಟ.

“ನಿನ್ನೆ ಎಸ್ಟೇಟಲ್ಲಿ ಅವ್ವ ಇದ್ದ ಕೂಲಿಯವರ ಲೈನ್ ಮನೆಗೆ ಹೋಗಿದ್ದೆ ಪವಿತ್ರಾ. ಸಂಪಿಗೆ ನೆಟ್ಟ ತಗಡಿನ ಡಬ್ಬ ಎತ್ತೋಕೆ ಬರ್ಲಿಲ್ಲ. ತಳ ತುಕ್ಕು ಹಿಡಿದು ಹೋಗಿ, ಬೇರು ನೆಲಕ್ಕೆ ಇಳಿದುಬಿಟ್ಟಿದೆ.”

“ಎಸ್ಟೇಟಿನ ನೆಲದಲ್ಲಿ ನಮ್ದು ಅಂತ ಏನೂ ನೆಡ್ಬಾರ್ದು, ಸ್ವಂತ ಜಾಗ ಆದ್ಮೇಲೆ ಎತ್ಕೊಂಡು ಹೋಗೋಣ ಅಂತ ಹನ್ನೆರಡು ವರ್ಷ ಡಬ್ಬದಲ್ಲೇ ಸಾಕಿದ್ಲಲ್ಲ ಅಣ್ಣ!”

“ಈಗ ಬೇರು ಕಡಿದ್ರೆ ಬದುಕಲ್ಲ ಮಾರಾಯ್ತಿ.”

“ಅವ್ವಂಗೆ ಗೊತ್ತಿತ್ತಾ?”

“ಗೊತ್ತಿತ್ತು ಅನ್ಸುತ್ತೆ. ಹೋದ ಮಳೆಗಾಲ, ಸಾಯೋಕೆ ಮುಂಚೆ, ಡಬ್ಬ ಕಾಣದ ಹಾಗೆ ಸುತ್ತ ಮಣ್ಣು ಏರಿಸಿದ್ಲು.”

ಅವರ ಬಸ್ಸು ಬಂತು. ಹಾಳೆ ಮಡಿಚುವ ಮುಂಚೆ ತಂಗಿ ಪೆನ್ನು ಎತ್ತಿಕೊಂಡು, ಬಾಗಿಲ ಎದುರಿಗೆ ಒಂದು ಸೊನ್ನೆ ಬರೆದದ್ದನ್ನು ರಹೀಮಾ ನೋಡಿದಳು.

“ಅವ್ವನ ಸಂಪಿಗೆ ಜಾಗ ಇದು. ಇಲ್ಲಿ ಏನೂ ನೆಡ್ಬೇಡ” ಎಂದು ಹೇಳಿ ಅವಳು ಅಣ್ಣನ ಹಿಂದೆ ಬಸ್ಸು ಹತ್ತಿದಳು.