ಕರಿಯ ಮಲಗುತ್ತಿದ್ದ ಚೀಲ

ಹೊಸಪೇಟೆ ನಿಲ್ದಾಣದಲ್ಲಿ ಕಂಪ್ಲಿ ಮೇಲೆ ಹೋಗುವ ಗಂಗಾವತಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು. ಹಿರಿಯಾಕೆಯ ತೊಡೆಯ ಮೇಲೆ ಮಡಚಿಟ್ಟ ಖಾಲಿ ಗೋಣಿಚೀಲವಿತ್ತು.

“ಎಲ್ಲಿಗ್ ಹೊಂಟೀರಿ, ಹುಲಿಗೆಮ್ಮಕ್ಕ?”

“ಕಂಪ್ಲಿ ಹೊಳಿ ಆಚಿಗೆ. ನಮ್ಮ ಕರಿಯನ್ನ ಹುಡುಕಾಕ.”

“ಹೊಳಿ ದಾಟಿಸಿದ ನಾಯಿ ತಿರುಗಿ ಬರಂಗಿಲ್ಲ ಅಂತ ನೀವ ಬಿಟ್ಟು ಬಂದಿದ್ರಲ್ರಿ?”

“ಹೂಂ. ಓಣ್ಯಾಗಿನ ಹುಡುಗನ್ನ ಕಚ್ಚಿದ್ದು ಕರಿಯನ ಅಂತ ಎಲ್ರೂ ಅಂದ್ರು. ನಾನೂ ನಂಬಿದೆ.”

“ಕಚ್ಚಿದ್ದು ಬ್ಯಾರೆ ನಾಯಿ ಅಂತ ನಿನ್ನೆ ಗೊತ್ತಾತಲ್ಲ. ಆಗ ನಿಮಗೇನ್ ಗೊತ್ತಿತ್ರಿ ಪಾಪ?”

“ಹಿಡಿದು ತುಂಬಬೇಕಾಗ್ತೈತಿ, ಒದ್ದಾಡ್ತಾನ ಅನ್ಕೊಂಡಿದ್ದೆ ರೇಣುಕಾ. ಚೀಲದ ಬಾಯಿ ತೆಗೆದೆ, ತಾನ ಒಳಗ ಹೋಗಿ ಕುಂತ. ಮರಿ ಇದ್ದಾಗಿಂದ ಇದ್ರ ಮ್ಯಾಲೇ ಮಲಗ್ತಿದ್ದ.”

ರೇಣುಕಾ ಚೀಲದ ಅಂಚನ್ನು ಮುಟ್ಟಿ ನೋಡಿದಳು.

“ಹಂಗಾರ ಇದನ್ಯಾಕ್ ತಂದ್ರಿ ಯಕ್ಕಾ? ಇದನ್ನ ನೋಡಿದ್ರ ನಿಮ್ಮ ಕರಿಯ ಓಡಿಹೋಗ್ತಾನ.”

ಬಸ್ಸು ಬಂತು. ಹುಲಿಗೆಮ್ಮ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದರು.

“ಓಡಿಹೋದ್ರ ಚಲೋನ ಆತು. ಮತ್ತ ತಾನ ಬಂದು ಒಳಗ ಕುಂತ್ರ, ನಾ ಅವಂಗ ಹೆಂಗ ಮುಖ ತೋರಿಸ್ಲಿ?”