ಕಪ್ಪು ಕನ್ನಡಕದ ಫೋಟೋ

ಅಲ್ವೇ ಅಲ್ಲ, ಸಿನೆಮಾದವ ಎಂತಕ್ಕೆ ಆಗ್ತಾನೆ, ಸರೀ ನೋಡು, ಅದು ನಿಮ್ಮ ಅಜ್ಜ. ಹ್ಞಾಂ, ನಗಾಡಿ ನಗಾಡಿ. ಇಷ್ಟೊತ್ತು ಮೊಬೈಲಿನಲ್ಲಿ ಹಳೇ ಹೀರೋಗಳ ಫೋಟೋ ತೋರ್ಸಿ "ಅಜ್ಜೀ, ಎಷ್ಟು ಚಂದ ಅಲ್ದಾ, ಆ ಕಾಲವೇ ಚಂದ" ಅಂದ್ರಿ, ನಾನೂ ಹೌದು ಹೌದು ಅಂದೆ. ಚಂದ ಹೌದು ಮಾರಾಯ, ಸುಳ್ಳು ಎಂತಕ್ಕೆ ಹೇಳ್ಲಿ, ಕಪ್ಪು ಬಿಳಿ ಫೋಟೋ ಕಂಡ್ರೆ ನಂಗೂ ಜೀವ ಎಳೀತದೆ. ಆದ್ರೆ ಈ ಒಂದು ಫೋಟೋ ಟ್ರಂಕಿನ ಅಡಿಯಿಂದ ಎತ್ತಿ ತಂದ್ರಲ್ಲ, ಇದನ್ನ ನೋಡಿದ್ರೆ ಇವತ್ತಿಗೂ ಹೆದ್ರಿಕೆ ಆಗ್ತದೆ. ಎಂತಕ್ಕೆ ಅಂದ್ರೆ... ಕೂತ್ಕಳಿ, ಹೇಳ್ತೆ. ಚಾಪೆ ಎಳ್ಕಳಿ, ನೆಲ ಥಂಡಿ ಅದೆ.

ಆಗ ಕುಮಟೆಯಲ್ಲಿ ಒಂದು ಸ್ಟುಡಿಯೋ ಇತ್ತು. ಬಸ್‌ಸ್ಟ್ಯಾಂಡಿನ ಹತ್ರ, ಅಲ್ಲ ಅಲ್ಲ, ಬಸ್‌ಸ್ಟ್ಯಾಂಡಿಂದ ಸ್ವಲ್ಪ ಮುಂದೆ, ಈಗ ಅಲ್ಲಿ ಮೊಬೈಲ್ ಅಂಗಡಿ ಅದೆ. ಅದರ ಗಾಜಿನ ಒಳಗೆ ಮಧ್ಯದಲ್ಲಿ ಸಿನೆಮಾದವ್ರ ದೊಡ್ಡ ದೊಡ್ಡ ಫೋಟೋ, ಸುತ್ತಲೂ ನಮ್ಮಂಥವ್ರದ್ದು, ಮದುಮಗಳು, ಕಾಡಿಗೆ ಮೆತ್ತಿದ ಶಿಶು, ಖುರ್ಚಿ ಮೇಲೆ ಬಿಮ್ಮನೆ ಕೂತ ಮುದುಕ. ಸಂತೆಗೆ ಬಂದವ್ರೆಲ್ಲ ಅದರ ಎದುರು ಒಂದು ಗಳಿಗೆ ನಿಂತೇ ಹೋಗೂದು. ನಾನೂ ನಿಂತವಳೇ. ಸ್ಟುಡಿಯೋದವ ಒಂದು ಕೋಟು, ಒಂದು ಟೊಪ್ಪಿ, ಒಂದು ಕಪ್ಪು ಕನ್ನಡಕ ಇಟ್ಕಂಡಿದ್ದ, ಬಂದ ಗಂಡಸ್ರಿಗೆಲ್ಲ ಅದನ್ನೇ ಹಾಕ್ಸೂದು. ನಮ್ಮ ಊರು ಬಾಡದ ಅರ್ಧ ಗಂಡಸ್ರು ಅದೇ ಕೋಟಿನಲ್ಲಿ ಅವ್ರೆ ಗೊತ್ತಾ! ನಿಮ್ಮ ಅಜ್ಜಂಗೆ ಮೊದ್ಲೇ ಸಿನೆಮಾ ಹುಚ್ಚು. ಮದುವೆ ಆದ ವರ್ಷ ಹೋಗಿ ನಿಂತ್ರು. ಕೂದ್ಲಿಗೆ ಎಣ್ಣೆ ಹಚ್ಚಿ ಮೇಲಕ್ಕೆ ಎತ್ತಿ ಬಾಚಿ, ಕನ್ನಡಕ ಏರ್ಸಿ, ಬಾಯಿ ಗಟ್ಟಿ ಮುಚ್ಚಿ. ಬಾಯಿ ಎಂತಕ್ಕೆ ಮುಚ್ಚಿದ್ದು ಅಂದ್ರೆ ಮುಂದಿನ ಹಲ್ಲು ಒಂದು ಇಲ್ಲಾಗಿತ್ತು, ಬೋಟಿನ ಹಗ್ಗ ಬಡ್ದು ಹೋಗಿತ್ತು. ಕೆಳಗೆ ಬರೇ ಪಂಚೆ, ಕಾಲಿಗೆ ಚಪ್ಪಲಿ ಇಲ್ಲ. ಸೊಂಟದಿಂದ ಮೇಲೆ ಮಾತ್ರ ಹೀರೋ! ಅದೊಂದೇ ಫೋಟೋ, ಕೇಳ್ಸ್ತಾ? ನಿಮ್ಮ ಹಂಗೆ ಊಟಕ್ಕೆ ಮುಂಚೆ ಬಾಳೆ ಎಲೆದೂ ಫೋಟೋ ತೆಗೂ ಕಾಲ ಅಲ್ಲ ಅದು. ಅದನ್ನೂ ಗೋಡೆಗೆ ಹಾಕೂ ಹಂಗಿಲ್ಲ. ನಮ್ಮಲ್ಲಿ ಗೋಡೆಗೆ ದೇವ್ರು, ಇಲ್ಲ ಅಂದ್ರೆ ಸತ್ತವ್ರು. ಬದುಕಿದ್ದವ್ರು ಪೆಟ್ಟಿಗೆಯಲ್ಲಿ, ಸೀರೆ ಅಡಿಯಲ್ಲಿ.

ಆಮೇಲೆ ಅವ್ರು ಭಟ್ಕಳದ ಬೋಟಿಗೆ ಸೇರಿದ್ರು, ನಾವು ಬಂದರಿನ ಹತ್ರ ಬಿಡಾರ ಮಾಡಿದ್ವಿ. ನಾನು ಮೀನು ಬುಟ್ಟಿ ಹೊತ್ಕಂಡು ಮನೆ ಮನೆ ತಿರ್ಗೂದು. ನಿಮ್ಮ ಅಪ್ಪ ಆಗ ನನ್ನ ಹೊಟ್ಟೆಯಲ್ಲಿ. ದೀಪಾವಳಿ ಕಳೆದಿತ್ತು, ಮಳೆ ಬರೂ ಕಾಲವೇ ಅಲ್ಲ, ಎಲ್ಲಿಂದ ಬಂತೋ ಆ ತೂಫಾನು! ಬೋಟು ಮಗಚಿತು. ಮಗಚಿದ ಬೋಟು ಹಿಡ್ಕಂಡು ತೇಲ್ತಾ ಇದ್ದವ್ರನ್ನ ಮತ್ತೊಂದು ಬೋಟಿನವ್ರು ಎತ್ತಿ ತಂದ್ರು. ನಾನು ಬಂದರಿಗೆ ಓಡಿ ಹೋದೆ, ಒಬ್ಬೊಬ್ರೇ ಇಳಿದ್ರು, ಎಲ್ಲ ಇಳಿದ್ರು. ಇವ್ರು ಇಳೀಲಿಲ್ಲ. "ಅವ್ರೆಲ್ಲಿ?" ಕೇಳ್ದೆ. ಒಬ್ಬನ ತೋಳು ಹಿಡ್ದು ಅಲ್ಲಾಡ್ಸ್ದೆ. "ಅವ್ರೆಲ್ಲಿ, ಬಾಯಿ ಬಿಟ್ಟು ಹೇಳ್ರೋ!" ಒಬ್ಬ ಹೇಳ್ದ, "ಅಕ್ಕಾ, ಒಂದು ತೆರೆ ಬಂತು, ಆಮೇಲೆ ಕಾಣ್ಲಿಲ್ಲ." ಅವತ್ತಿಂದ ಶುರುವಾದ ಹೆದ್ರಿಕೆ ಮಕ್ಕಳೇ, ಅದು ಅಳು ಅಲ್ಲ, ಅಳೂಕೂ ಬರೂದಿಲ್ಲ, ಬರೇ ಹೆದ್ರಿಕೆ. ಬಾಗ್ಲು ಸದ್ದಾದ್ರೆ ಹೆದ್ರಿಕೆ, ಸದ್ದಾಗದೆ ಇದ್ರೆ ಇನ್ನೂ ಹೆದ್ರಿಕೆ.

ಬೋಟಿನ ಯಜಮಾನ ಒಳ್ಳೆಯವನೇ. "ಫೋಟೋ ಇದ್ರೆ ಕೊಡು ತಂಗಿ, ಮೀನು ಲಾರಿಯವ್ರ ಕೈಯಲ್ಲಿ ಕಾರವಾರ, ಗೋವಾ, ಮಲ್ಪೆ ಎಲ್ಲ ಕಡೆ ತೋರ್ಸ್ವ. ಬೇರೆ ಬೋಟಿನವ್ರು ಎತ್ತಿಕೊಂಡು ಹೋಗಿದ್ರೂ ಹೋಗಿರ್ಬೋದು" ಅಂದ. ನಾನು ಸೀರೆ ಅಡಿಯಿಂದ ತೆಗೆದು ಕೊಟ್ಟೆ, ಇದೇ ಫೋಟೋ. ಬಂದರಿನಲ್ಲಿ ಕೈಯಿಂದ ಕೈಗೆ ಹೋತು. ಒಬ್ಬ ಕೇಳ್ತಾನೆ, "ಇದು ಯಾವ ಪಿಕ್ಚರಿನವ?" ನಾನು ಅಲ್ಲೇ ನಿಂತಿದ್ದೆ! ಅವ್ರ ಸಂಗಡ ಒಂದೇ ಗಂಗಾಳದಲ್ಲಿ ಉಂಡವ ಒಬ್ಬ, ಅವನೂ ತಿರ್ಗ್ಸಿ ಮುರ್ಗ್ಸಿ ನೋಡಿ "ಇದು ಅವನೇಯಾ?" ಅಂದ. ಆಗ ಗೊತ್ತಾತು ನಂಗೆ, ಈ ಫೋಟೋದಲ್ಲಿ ಮನುಷ್ಯನೇ ಇಲ್ಲ, ಕೋಟು ಅದೆ, ಕನ್ನಡಕ ಅದೆ. ಅದಕ್ಕಿಂತ ದೊಡ್ಡ ಹೆದ್ರಿಕೆ ಎಂತದು ಗೊತ್ತಾ? ಮನೆಗೆ ಬಂದು ಕಣ್ಣು ಮುಚ್ಚಿ ಅವ್ರ ಮುಖ ನೆನಪು ಮಾಡೂಕೆ ಹೋದ್ರೆ ನಂಗೂ ಈ ಕಪ್ಪು ಕನ್ನಡಕವೇ ಬರ್ತದೆ! ಕಣ್ಣು ಬರೂದಿಲ್ಲ. ಗಂಡನ ಕಣ್ಣು ಹ್ಯಾಂಗಿತ್ತು ಅಂತ ನೆನಪಾಗ್ದೆ ಒದ್ದಾಡ್ದೆ ನಾನು.

ಲಾರಿ ಡ್ರೈವರ ಬಾಬು ಅಂತ, ಹಳದೀಪುರ ಬದಿಯವ, ಇವ್ರನ್ನ ಕಂಡವ ಅಲ್ಲ. ಅವ ಗೋವಾದಿಂದ ಬಂದವನೇ ಮನೆಗೆ ಬಂದ. "ಅಕ್ಕಾ, ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ಸಮುದ್ರದಿಂದ ಎತ್ತಿದವ ಒಬ್ಬ ಇದ್ದಾನೆ ಅಂದ್ರು, ಹೋಗಿ ನೋಡ್ದೆ" ಅಂದ. "ಅವ್ರೇಯಾ?" ಕೇಳ್ದೆ. "ಮಂಚದ ಹತ್ರ ನಿಂತು ಫೋಟೋ ಹಿಡ್ದು ನೋಡ್ದೆ ಅಕ್ಕಾ. ತಲೆ ಪೂರಾ ಬಟ್ಟೆ ಸುತ್ತಿದ್ರು, ಬಾಯಿ ತೆರ್ಕಂಡು ಮಲ್ಗಿದ್ದ, ಮಾತಿಲ್ಲ ಕತೆ ಇಲ್ಲ. ಯಾರೋ ಬಡಪಾಯಿ. ಅವ ಅಲ್ಲ." ಅವ ಅಲ್ಲ ಅಂದ, ಫೋಟೋ ವಾಪಸ್ ಕೊಟ್ಟ. ಆತು, ಅಲ್ಲಿಗೆ ಮುಗೀತು ಅಂದ್ಕಂಡೆ.

ಬಾಡದಿಂದ ನನ್ನ ಅತ್ತೆ ಬಂದ್ರು. ಊರ ಹಿರಿಯರು ಹೇಳಿ ಕಳ್ಸಿದ್ರು, ಹೆಣ ಸಿಗದೆ ಇದ್ರೂ ಬರೂ ಅಮಾಸೆಗೆ ಕ್ರಿಯೆ ಮಾಡಿ ಮುಗಿಸ್ಬೇಕು ಅಂತ. ಅತ್ತೆ ನನ್ನ ಕೈ ನೋಡ್ಲಿಲ್ಲ. ನೋಡಿದ್ರೆ ಬಳೆ ಕಾಣ್ತದಲ್ಲ. "ಕುಮಟೆಗೆ ಹೋಗಿ ಆ ಫೋಟೋ ದೊಡ್ಡದು ಮಾಡ್ಸಿ ಕಟ್ಟು ಹಾಕ್ಸ್ಬೇಕು ಹೆಣ್ಣೆ, ಮಾಲೆ ಹಾಕೂಕೆ" ಅಂದ್ರು. ನಾನು "ಇಲ್ಲ" ಅಂದೆ. "ನೀರು ಬಿಡದೆ ಇದ್ರೆ ನನ್ನ ಮಗ ಅಲೀತಾನೆ, ಹಸಿದು ಅಲೀತಾನೆ, ತಾಯಿ ಹೊಟ್ಟೆ ನಿಂಗೆ ಗೊತ್ತಿಲ್ಲ" ಅಂತ ಅಲ್ಲೇ ಕೂತ್ರು. ಅವ್ರದ್ದೂ ತಪ್ಪಲ್ಲ, ಅವ್ರಿಗೂ ಹೆದ್ರಿಕೆಯೇ. ನಾನು ಸೆರಗಿನೊಳಗೆ ಕೈ ಮುಚ್ಕಂಡೇ ತಿರುಗ್ದೆ.

ಅಮಾಸೆ ಹತ್ರ ಬಂತು. ನಾನು ದಿನಾ ಮೀನು ಕೊಡ್ತಾ ಇದ್ದ ಒಂದು ಮನೆ ಇತ್ತು, ದುಬೈ ದುಡಿಮೆಯವ್ರದ್ದು. ಆ ಮನೆ ಬೀಬಿಯಮ್ಮ ಹೇಳಿ ಕಳ್ಸಿದ್ರು, ಮೀನು ಬೇಡ, ಬರೇ ಬಾ ಅಂತ. ಹೋದೆ. ಫೋಟೋ ನೋಡಿ "ಯಾ ಅಲ್ಲಾ, ಇದ್ರಲ್ಲಿ ಯಾರು ಗುರ್ತು ಹಿಡೀತಾರೆ! ನಿನ್ನ ಗಂಡ ಎಲ್ಲಿ ಇದು?" ಅಂತ ಬೈದ್ರು. ಆಮೇಲೆ "ಇರು ಇರು, ನನ್ನ ಮಗ ರಜೆಗೆ ಬಂದಾಗ ಕ್ಯಾಮೆರಾ ಹಿಡ್ದು ಬಂದರೆಲ್ಲ ತಿರುಗಿದ್ದ, ಮೀನಿಂದು, ಬಲೆದು, ಕಾಗೆದೂ ಫೋಟೋ ತೆಗೆದಾನೆ ಆ ಹುಚ್ಚ" ಅಂತ ಆಲ್ಬಂ ತಂದ್ರು. ಇಬ್ರೂ ನೆಲಕ್ಕೆ ಕೂತು ತಿರ್ಗ್ಸಿದ್ವಿ. ಬಂಗಡೆ ರಾಶಿ, ಹರಾಜು, ಐಸು, ಯಾರದ್ದೋ ಬೆನ್ನು. ಇಲ್ಲ, ಇಲ್ಲ, ಇಲ್ಲ. ನನ್ನ ಕೈ ಹಾಳೆ ಎತ್ತೂಕೇ ಹೆದ್ರ್ತಾ ಇತ್ತು, ಮುಗಿದ್ರೆ ಮುಗೀತಲ್ಲ! ಆಮೇಲೆ ಒಂದು ಬಂತು. ಬಲೆ ರಿಪೇರಿ ಮಾಡ್ತಾ ಕುಕ್ಕರಗಾಲಲ್ಲಿ ಕೂತವ್ರು, ತಲೆಗೆ ಪೂರಾ ಟವೆಲ್ ಸುತ್ಕಂಡು, ಯಾರೋ ಎಂತದೋ ಹೇಳಿದ್ದಕ್ಕೆ ಬಾಯಿ ತೆರ್ದು ನಗಾಡ್ತಾ ಅವ್ರೆ. ಹಲ್ಲಿಲ್ಲದ ಜಾಗ ಕಾಣ್ತದೆ. ಕಣ್ಣು ಕಾಣ್ತದೆ! ಆಗ ಬಂತು ನೋಡು ನಂಗೆ ಅಳು, ಅಷ್ಟು ದಿನದ್ದು.

ಬಾಬುವಿನ ಲಾರಿ ಬಂದರಿನಲ್ಲಿ ಮೀನು ತುಂಬ್ತಾ ಇತ್ತು. ಇದನ್ನ ತೋರ್ಸು ಅಂತ ಅವನ ಕೈಯಲ್ಲಿ ಕೊಟ್ಟೆ. ಅವ ನೋಡ್ದ. ಅಲ್ಲೇ ಐಸ್ ಪೆಟ್ಟಿಗೆ ಮೇಲೆ ಕೂತ. "ಅಕ್ಕಾ... ಇವನ್ನ ನಾನು ಕಂಡಿದ್ದೆ. ಮಂಚದ ಹತ್ರ ನಿಂತು ಕಂಡು ಬಿಟ್ಟು ಬಂದೆ" ಅಂದ. ಹ್ಯಾಂಗಿರ್ಬೇಡ ಹೇಳಿ! ಖುಷಿ ಅಂದ್ಕಂಡ್ರಾ? ಇಲ್ಲ, ಆಗ್ಲೇ ನಿಜವಾದ ಹೆದ್ರಿಕೆ ಆದದ್ದು. ಅವ ನೋಡಿ ಬಂದು ಎಷ್ಟು ದಿನ ಆತು, ಈಗ ಅಲ್ಲಿ ಅವ್ರೆಯೋ ಇಲ್ಲವೋ, ದಿಕ್ಕಿಲ್ಲದವ ಅಂತ ಮಣ್ಣು ಮಾಡಿದ್ರೆ? ಅತ್ತೆ, ನಾನು, ಹೊಟ್ಟೆಯಲ್ಲಿ ನಿಮ್ಮ ಅಪ್ಪ, ಮೀನು ಲಾರಿಯಲ್ಲೇ ಹತ್ತಿ ಕೂತ್ವಿ. ಹೊನ್ನಾವರ ಸೇತುವೆ ದಾಟೂವಾಗ ನಾನು ನೀರಿನ ಬದಿ ನೋಡ್ಲೇ ಇಲ್ಲ.

ಇದ್ರು. ಅದೇ ಮಂಚ. ಎಲುಬು ಚರ್ಮ ಆಗಿದ್ರು, ಮುಖ ಬಾತಿತ್ತು, ನಿಜಕ್ಕೂ ಯಾರೋ ಅಂತಲೇ ಕಾಣ್ತಿತ್ತು. ಅತ್ತೆ ಹೋಗಿ ಬಾಯಿಗೆ ಬೆರಳು ಹಾಕಿ ಹಲ್ಲಿಲ್ಲದ ಜಾಗ ಮುಟ್ಟಿ ನೋಡಿದ್ರು. ಆಮೇಲೆ ನನ್ನ ಕೈ ಹಿಡ್ದು, ಬಾಡದಿಂದ ಬಂದ ಮೇಲೆ ಮೊದಲ ಸಲ, ನನ್ನ ಬಳೆ ನೋಡಿ ಹೋ ಅಂತ ಅತ್ರು. ಸದ್ದಿಗೆ ಇವ್ರು ಕಣ್ಣು ಬಿಟ್ರು.

ಅದಕ್ಕೇ ಹೇಳೂದು ಮಕ್ಕಳೇ, ಚಂದ ಕಾಣೂ ಫೋಟೋ ಎಷ್ಟು ಬೇಕಾದ್ರೂ ತೆಗೀರಿ, ನಾನು ಬೇಡ ಅನ್ನೂದಿಲ್ಲ. ಆದ್ರೆ ಹಲ್ಲು ಬಿಟ್ಟು, ತಲೆ ಕೆದ್ರಿ, ಮನೆಯಲ್ಲಿ ಇದ್ದ ಹಂಗೇ ಇರೂದು ಒಂದು ಇರ್ಲಿ. ಚಂದ ಊರಿಗೆ, ಗುರ್ತು ಮನೆಯವ್ರಿಗೆ. ಆತು ಏಳಿ, ಗಂಜಿ ಆರ್ತದೆ.